ಕರೆದರೆ ಬರುವವಳು

ಅಕ್ಕ ಮಾತಾಡುತ್ತಲೇ ಇದ್ದಳು. ಬಚ್ಚಲುಮನೆಯ ಕನ್ನಡಿಯ ಮುಂದೆ ಅವನು ಒಂದು ಕೆನ್ನೆಗೆ ಸೋಪು ಹಚ್ಚಿಕೊಂಡು, ಇನ್ನೊಂದಕ್ಕೆ ಹಚ್ಚುವುದನ್ನು ಮರೆತು ನಿಂತಿದ್ದ. ಅವಳ ಮಾತೆಂದರೆ ತಿರುಗಿಸಿ ಬಿಟ್ಟ ನಲ್ಲಿ. ಕೊಳೆತ ಈರುಳ್ಳಿ ಕೊಟ್ಟ ತರಕಾರಿಯವ, ಮೇಲಿನ ಮನೆಯವರ ಚಪ್ಪಲಿ ಸದ್ದು, ಮೋಡ ಮುಸುಕಿ ಒಣಗದೆ ಉಳಿದ ಬಟ್ಟೆ, ಎಲ್ಲ ಒಂದೇ ಧಾರೆಯಲ್ಲಿ ಹರಿದುಹೋಗುತ್ತಿತ್ತು. ಐವತ್ತರ ಹತ್ತಿರ ಬಂದಿದ್ದ ಅವನ ಕಿವಿ ಅದಕ್ಕೆ ಎಂದೋ ಒಗ್ಗಿಹೋಗಿತ್ತು. ಆದರೆ ಈವತ್ತು ನಡುವೆ ಒಂದು ಮಾತು ಹರಿಯದೆ ಸಿಕ್ಕಿಕೊಂಡಿತು. "ನಿನ್ನೆ ಸಂಜೆ ಆ ದರ್ಜಿ ಮನೆ ಕಿಟಕಿ ಕೆಳಗೆ ಕೂತಿತ್ತಂತೆ ಕಣೋ ನಿಮ್ಮ ತೋಳ. ಒಳಗೆ ಅವನು ಹೆಂಡತೀನ ಬೈತಾ ಇದ್ನಂತೆ. ಇದು ಹೊರಗೆ ಕೂತು ಕೇಳ್ತಾ ಇತ್ತಂತೆ. ನೆಂಟರು ಬಾಗಿಲು ತೆಗೀಲಿ ಅಂತ ಕಾಯ್ತಾರಲ್ಲ, ಹಾಗೆ! ಇರಲಾರದೆ ಇರುವೆ ಬಿಟ್ಕೊಂಡ್ರಂತೆ ಅಂತ ಗಾದೆ. ನೀವು ತೋಳ ಬಿಟ್ಕೊಂಡ್ರಿ. ಸೋಪು ಒಣಗ್ತಾ ಇದೆ, ಬೇಗ ಮುಗ್ಸು."

ದರ್ಜಿಯ ಕಿಟಕಿಯೆಂದರೆ ಮೂರನೆಯದಾಯಿತು. ಮೊದಲ ಸಲ ಶಾಲೆಯ ಗೋಡೆಯ ಹೊರಗೆ ನಿಂತು, ಒಳಗೆ ಮಕ್ಕಳು ಒಕ್ಕೊರಲಿನಲ್ಲಿ ಮಗ್ಗಿ ಹೇಳುವುದನ್ನು ಕೇಳುತ್ತಿತ್ತು. ಎರಡನೆಯ ಸಲ ಬಟ್ಟೆ ಒಗೆಯುವವರ ಅಂಗಳಕ್ಕೆ ಬಂದು, ಹಗ್ಗಕ್ಕೆ ಹಾಕಿದ್ದ ಹಾಸಿಗೆ ಹೊದಿಕೆಗಳ ಆಚೆ ಮಲಗಿತ್ತು. ಅಲ್ಲಿ ಇಬ್ಬರು ಹೆಂಗಸರು ಮೂರನೆಯವಳ ವಿಷಯ ಆಡಿಕೊಳ್ಳುತ್ತಿದ್ದರು. ಯಾರನ್ನೂ ಮುಟ್ಟಿರಲಿಲ್ಲ, ಯಾರ ಕೋಳಿಯನ್ನೂ ಹಿಡಿದಿರಲಿಲ್ಲ. ಆದರೆ ತೋಳಗಳನ್ನು ಬೆಟ್ಟಕ್ಕೆ ಬಿಡುವ ಮೊದಲು ಕುರಿಯವರ ಜತೆ ಆಗಿದ್ದ ಕರಾರೇ ಅದು: ಮೂರು ಸಲ ಮನೆಗಳ ನಡುವೆ ಬಂದ ತೋಳವನ್ನು ಅವನು ಕೆಲಸ ಮಾಡುವ ಅರಣ್ಯ ಇಲಾಖೆಯೇ ಕೊಲ್ಲಬೇಕು, ಕಾರಣ ಕೇಳುವ ಹಾಗಿಲ್ಲ. ಅದು ಯಾಕೆ ಹಾಗೆ ಜನರ ಮಾತು ಹುಡುಕಿಕೊಂಡು ಬರುತ್ತಿದೆ ಎಂದು ಇಡೀ ಊರು ತಲೆ ಕೆರೆದುಕೊಳ್ಳುತ್ತಿತ್ತು. ತಲೆ ಕೆರೆದುಕೊಳ್ಳದವನು ಅವನೊಬ್ಬನೇ. ಅವನು ಇನ್ನೊಂದು ಕೆನ್ನೆಗೂ ಸೋಪು ಹಚ್ಚಿ, ಎಚ್ಚರಿಕೆಯಿಂದ ಕೆರೆದು, ಮುಖ ತೊಳೆದುಕೊಂಡ.

ಅವನನ್ನು ಎಲ್ಲರೂ ಮೂಗಯ್ಯ ಎನ್ನುತ್ತಿದ್ದರು. ಮೂಗನೇನಲ್ಲ, ಕೇಳಿದ್ದಕ್ಕೆ ಹೂಂ, ಊಹೂಂ ಎನ್ನುತ್ತಿದ್ದ, ತೀರಾ ಅಗತ್ಯ ಬಿದ್ದರೆ ಒಂದು ವಾಕ್ಯ. ಬಾಯಲ್ಲಿ ಬೆರಳಿಟ್ಟರೂ ಕಚ್ಚುವವನಲ್ಲ ಎಂದು ಬಂಧುಗಳು ಮೆಚ್ಚಿಕೊಳ್ಳುತ್ತಿದ್ದರು. ಮೆಚ್ಚುಗೆಯೊಳಗೊಂದು ಸಣ್ಣ ನಗು ಇರುತ್ತಿತ್ತು, ಅದು ಅವನಿಗೆ ಕೇಳಿಸುವುದಿಲ್ಲ ಎಂದು ಅವರು ತಿಳಿದಿದ್ದರು. ಚಿಕ್ಕಂದಿನಲ್ಲಿ ಮೇಷ್ಟರು ಅವನನ್ನು ಏನಾದರೂ ಕೇಳಿದರೆ ಪಕ್ಕದ ಬೆಂಚಿನಿಂದ ಅಕ್ಕ ಉತ್ತರ ಕೊಡುತ್ತಿದ್ದಳು. ಅಂಗಡಿಯಲ್ಲಿ ಅವಳೇ, ಆಸ್ಪತ್ರೆಯಲ್ಲಿ ಎಲ್ಲಿ ನೋವು ಎಂದು ಡಾಕ್ಟರಿಗೆ ಹೇಳುವವಳೂ ಅವಳೇ. ಒಮ್ಮೆ, ಹನ್ನೊಂದೋ ಹನ್ನೆರಡೋ ಇದ್ದಾಗ, ಊಟದ ಹೊತ್ತಿನಲ್ಲಿ ಅವನೇ ಬಾಯಿಬಿಟ್ಟು, ಇವತ್ತು ಸೇತುವೆ ಮೇಲೆ ಒಬ್ಬ ಮುದುಕ, ಎಂದು ಶುರು ಮಾಡಿದ್ದ. ಬಿದ್ದುಬಿಟ್ಟನಾ ಅಂದಳು ಅಕ್ಕ. ಅಪ್ಪ, ಪಾಪ ಅಂದ. ಅಮ್ಮ, ಎಷ್ಟು ಪೆಟ್ಟಾಯ್ತೋ ಏನೋ ಅಂದಳು. ಮುದುಕ ಬಿದ್ದಿರಲಿಲ್ಲ, ಒಬ್ಬನೇ ನಿಂತು ನೀರಿಗೆ ಬಗ್ಗಿ ಹಾಡುತ್ತಿದ್ದ. ಅದನ್ನು ಹೇಳಬೇಕೆಂದಿದ್ದವನು, ಮೂವರೂ ಅಷ್ಟು ಮರುಗಿದ ಮೇಲೆ ಮುದುಕನನ್ನು ಎಬ್ಬಿಸುವುದು ಸರಿಯಲ್ಲವೆನಿಸಿ, ಹೂಂ ಬಿದ್ದ ಎಂದು ತಲೆಯಾಡಿಸಿ ಊಟ ಮುಂದುವರಿಸಿದ. ಆಮೇಲೆ ಬಂದ ಹೆಣ್ಣು ನೋಡುವ ದಿನವೂ ಅಷ್ಟೇ. ಹುಡುಗಿ ಅವನನ್ನೇ ನೋಡಿ ನಿಮಗೆ ಏನಿಷ್ಟ ಎಂದು ಕೇಳಿದಳು, ಅಕ್ಕ ಅವನ ಇಷ್ಟಗಳನ್ನೆಲ್ಲ ವಿವರವಾಗಿ ಹೇಳಿದಳು. ಹುಡುಗಿ ಮನೆಯವರು ಕೊನೆಗೆ ಹೇಳಿ ಕಳಿಸಿದ್ದು ಇಷ್ಟೇ: ಹುಡುಗ ಒಳ್ಳೆಯವನೇ ಇರಬಹುದು, ಆದರೆ ನಾನು ಜಗಳ ಯಾರ ಜತೆ ಆಡಲಿ ಅಂತಾಳೆ ನಮ್ಮ ಹುಡುಗಿ. ಅದನ್ನು ನೆನೆದರೆ ಅವನಿಗೆ ಈಗಲೂ ನಗು ಬರುತ್ತದೆ. ನಗುವಿನ ಹಿಂದೆಯೇ ಇನ್ನೊಂದೂ ಬರುತ್ತದೆ, ಅದಕ್ಕೆ ಅವನು ಹೆಸರಿಟ್ಟಿರಲಿಲ್ಲ.

ತೋಳಗಳ ಕೆಲಸಕ್ಕೆ ಅವನನ್ನು ಆರಿಸಿದ್ದೇ ಈ ಗುಣಕ್ಕಾಗಿ. ಆ ನಾಡಿನಲ್ಲಿ ತೋಳ ಅಳಿದು ಮೂರು ತಲೆಮಾರು ಕಳೆದಿತ್ತು; ಅದರ ಊಳು ಹೇಗಿರುತ್ತದೆ ಎಂದು ಬಲ್ಲವರು ಯಾರೂ ಬದುಕಿರಲಿಲ್ಲ. ಗಡಿಯಾಚೆಯಿಂದ ಜೋಡಿಗಳನ್ನು ತರಿಸಿ, ಬೆಟ್ಟದ ಬುಡದಲ್ಲಿ ಬೇಲಿ ಹಾಕಿ, ಅಲ್ಲಿ ಹುಟ್ಟಿದ ಮರಿಗಳನ್ನು ಕಾಡಿಗೆ ಬಿಡುವ ಯೋಜನೆ ಇಲಾಖೆಯ ಮುಖ್ಯಸ್ಥೆ ಮೇಡಂದು. ಮರಿಗಳು ಮನುಷ್ಯನನ್ನು ಅರಿಯಲೇಬಾರದು, ಅರಿತರೆ ಅಂಜುವುದಿಲ್ಲ, ಅಂಜದ ತೋಳ ಬದುಕುವುದಿಲ್ಲ. ಅದಕ್ಕಾಗಿ ಆರೈಕೆ ಮಾಡುವವರೆಲ್ಲ ತಲೆಯಿಂದ ಕಾಲಿನವರೆಗೆ ಬೂದು ನಿಲುವಂಗಿ ತೊಡಬೇಕು, ಮುಖಕ್ಕೆ ಜಾಲರಿಯ ಮುಸುಕು, ಕೈಗೆ ಚೀಲ, ಬಟ್ಟೆಗೆಲ್ಲ ಜಿಂಕೆಯ ಚರ್ಮ ಉಜ್ಜಿದ ವಾಸನೆ. ಬೇಲಿಯೊಳಗೆ ಕಾಲಿಟ್ಟರೆ ಕೆಮ್ಮೂ ಕೂಡದು. ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಮಾತು ಬೇಡ ಎಂದು ಬರೆಸಿದ್ದರು. ಮೂಗಯ್ಯನಿಗಿಂತ ಹೇಳಿ ಮಾಡಿಸಿದವನು ಇನ್ನೆಲ್ಲಿ ಸಿಗಬೇಕು ಎಂದು ಮೇಡಂ ನಕ್ಕಿದ್ದರು. ಅವನ ಜತೆಗಿದ್ದವನು ಇನ್ನೊಬ್ಬ, ವಟವಟ ಎನ್ನುವವನು, ಅವನಿಗೆ ರೇಡಿಯೋ ಎಂದೇ ಹೆಸರು.

ಬಸ್ಸಿನಲ್ಲಿ ಎಲ್ಲರೂ ತೋಳದ ಮಾತೇ ಆಡುತ್ತಿದ್ದರು. ಅವನ ಅಂಗಿಯ ಮೇಲಿನ ಇಲಾಖೆಯ ಗುರುತನ್ನು ನೋಡಿ ಪಕ್ಕದಲ್ಲಿದ್ದ ಹೆಂಗಸು ತನ್ನ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಹಿಂದಿನಿಂದ ಒಬ್ಬ, "ಏನ್ ಸ್ವಾಮಿ, ಮುಂದಿನ ಸಲ ನಮ್ಮನೆಗೂ ಕಳಿಸಿ, ನಮ್ಮತ್ತೆ ಮಾತು ಕೇಳೋಕೆ ಯಾರೂ ಇಲ್ಲ," ಎಂದ, ಬಸ್ಸೆಲ್ಲ ನಕ್ಕಿತು. ಅವನೂ ನಗುವಂತೆ ಮುಖ ಮಾಡಿ ಕಿಟಕಿಯ ಹೊರಗೆ ನೋಡಿದ. ಈಗ ಕಿಟಕಿಗಳ ಕೆಳಗೆ ಕೂರುವ ಆ ತೋಳ ಬೇಲಿಯೊಳಗೆ ಹುಟ್ಟಿದಾಗ ತಾಯಿ ಮುಟ್ಟದೆ ಬಿಟ್ಟ ಮರಿ, ಅಂಗೈಯಷ್ಟಿತ್ತು, ಕಣ್ಣು ಬಿಟ್ಟಿರಲಿಲ್ಲ. ಶೀಶೆಯಲ್ಲಿ ಹಾಲು ಕುಡಿಸುವಾಗ ನೆತ್ತಿಗೆ ಹತ್ತಿ ಉಸಿರು ನಿಂತಿತು. ಅವನು ತಲೆಕೆಳಗು ಮಾಡಿ ಬೆನ್ನು ತಟ್ಟಿದ, ಉಜ್ಜಿದ, ಅಲ್ಲಾಡಿಸಿದ, ಅದು ಬಟ್ಟೆಯ ತುಂಡಿನಂತೆ ಜೋತುಬಿದ್ದಿತ್ತು. ಆಗ ಮುಸುಕಿನೊಳಗಿಂದ ಒಂದು ದನಿ ಬಂತು. "ಅಯ್ಯೋ ಬೇಡ ತಾಯಿ, ಉಸಿರಾಡು, ಉಸಿರಾಡಮ್ಮಾ." ಯಾರೋ ಒಳಗೆ ಬಂದರೆಂದು ಅವನು ತಿರುಗಿ ನೋಡಿದ್ದ. ಅಷ್ಟರಲ್ಲಿ ಅದು ಸೀನಿತು. ಸೀನಿ, ಆ ದನಿ ಬಂದ ಕಡೆಗೆ ಮೂತಿ ತಿರುಗಿಸಿತು.

ಆ ಒಂದು ಸಲಕ್ಕೆ ಮುಗಿದಿದ್ದರೆ ಏನೂ ಆಗುತ್ತಿರಲಿಲ್ಲ. ಮರುದಿನ ಹಾಲು ಹಿಡಿದು ಹೋದಾಗ ಬಾಯಿ ಮುಚ್ಚಿಕೊಂಡೇ ಹೋದ. ಮರಿ ಶೀಶೆಗೆ ಬಾಯಿ ಹಾಕದೆ ಕಾಯುತ್ತಿರುವಂತೆ ಅವನಿಗೆ ಅನ್ನಿಸಿತು. ಹಾಗನ್ನಿಸಿದ್ದು ನಿಜವೋ, ಅವನಿಗೇ ಬೇಕಾಗಿತ್ತೋ ಈಗ ಹೇಳುವವರು ಯಾರು. ಹಸಿವಿಲ್ವಾ ತಾಯಿ, ಎಂದು ಕೇಳಿದ. ಅದು ಕುಡಿಯಿತು. ಆಮೇಲೆ ಕಟ್ಟೆಯೇ ಒಡೆಯಿತು. ಅಕ್ಕನ ಮಾತು, ಬಸ್ಸಿನ ಮಾತು, ಮೊಣಕಾಲು ನೋವು, ಅಪ್ಪ ಸಾಯುವ ಮುಂಚೆ ಅವನನ್ನು ಹತ್ತಿರ ಕರೆದು ಏನೋ ಕೇಳಲು ಹೋಗಿ ಸುಮ್ಮನಾದದ್ದು, ಸೇತುವೆಯ ಮುದುಕ ಬಿದ್ದಿರಲಿಲ್ಲ, ಹಾಡುತ್ತಿದ್ದ ಎನ್ನುವುದು. ಹೇಳುತ್ತಾ ಹೋದ ಹಾಗೆ ತನಗೆ ಇಷ್ಟೆಲ್ಲ ಆಗಿದೆಯಲ್ಲ ಎಂದು ಅವನಿಗೇ ಆಶ್ಚರ್ಯ. ಮರಿ ನಡುವೆ ಬಾಯಿ ಹಾಕುತ್ತಿರಲಿಲ್ಲ. ಅವನ ವಾಕ್ಯವನ್ನು ತಾನು ಮುಗಿಸುತ್ತಿರಲಿಲ್ಲ. ಮುಂಗಾಲ ಮೇಲೆ ಗಲ್ಲ ಇಟ್ಟು, ಒಂದು ಕಿವಿಯನ್ನು ಅವನ ಕಡೆ ಒಂದು ಕಿವಿಯನ್ನು ಬಾಗಿಲ ಕಡೆ ಇಟ್ಟು ಕೇಳುತ್ತಿತ್ತು. ಕಾಗದದಲ್ಲಿ ಅದಕ್ಕೆ ಏಳು ಎಂಬ ಸಂಖ್ಯೆ, ಹೆಸರಿಡಬಾರದೆಂಬ ನಿಯಮ. ಅವನು ಹೆಸರನ್ನೇನೂ ಇಡಲಿಲ್ಲ. ಆ ನಿಯಮವೊಂದನ್ನಾದರೂ ಪಾಲಿಸಿದೆನಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದ, ನಾಚಿಕೆಗೇಡಿ.

ಇಲಾಖೆಯ ಗೇಟಿನೆದುರಿನ ಚಹಾದಂಗಡಿಯಲ್ಲಿ ರೇಡಿಯೋ ಕೂತಿದ್ದ. ಕಾಣದವನಂತೆ ದಾಟಿಬಿಡೋಣವೆಂದುಕೊಂಡರೆ ಅವನೇ ಎದ್ದು ಬಂದ. ಶಾಲೆಯ ಗೋಡೆಯ ಹತ್ತಿರ ಮೊದಲ ಸಲ ಏಳು ಕಂಡಾಗಲೇ ಯಾರೋ ಮರಿಯ ಹತ್ತಿರ ಮಾತಾಡಿದ್ದಾರೆ ಎಂದು ಇಲಾಖೆಯ ಪ್ರಾಣಿಗಳ ಡಾಕ್ಟರು ಅನುಮಾನ ಪಟ್ಟಿದ್ದರು. ಮಾತಾಡಿದವರು ಯಾರೆಂದು ಯಾರೂ ಯೋಚನೆಯನ್ನೇ ಮಾಡಲಿಲ್ಲ. ಒಬ್ಬ ರೇಡಿಯೋ, ಒಬ್ಬ ಮೂಗಯ್ಯ. ರೇಡಿಯೋನನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದರು. ಆವತ್ತು ಮೇಡಂ ಕೋಣೆಗೆ ಮೂಗಯ್ಯನನ್ನೂ ಕರೆದು, ಒಂದು ಶಾಸ್ತ್ರಕ್ಕೆಂಬಂತೆ, "ನೀನೇನೂ ಮಾತಾಡಿಲ್ವಲ್ಲ?" ಎಂದು ಕೇಳಿದ್ದರು, ಕೇಳುತ್ತಲೇ ನಕ್ಕಿದ್ದರು. ಅವನು ಇಲ್ಲವೆಂದು ತಲೆಯಾಡಿಸಿದ್ದ. ಇಡೀ ಜನ್ಮ ಸುಮ್ಮನಿದ್ದವನಿಗೆ ಅಲ್ಲಿ ಸುಮ್ಮನಿರುವುದು ಏನೂ ಮಹಾ ಕಷ್ಟವಾಗಲಿಲ್ಲ.

"ಸತ್ಯವಾಗ್ಲೂ ನಾನು ಆಡಿಲ್ಲ ಮಾರಾಯ," ಎಂದ ರೇಡಿಯೋ. ಅವನ ದನಿ ಇಳಿದುಹೋಗಿತ್ತು. "ಹೊರಗಡೆ ನಾನು ವಟಗುಟ್ಟೋದು ನಿಜ. ಒಳಗೆ ಹೋದ್ರೆ ನಾಲಿಗೆ ಹಲ್ಲಲ್ಲಿ ಕಚ್ಕೊಂಡಿರ್ತಿದ್ದೆ. ಗಾಯ ಆಗಿತ್ತು, ಗೊತ್ತಾ? ಮನೇಲಿ ನನ್ನ ಹೆಂಡತೀನೇ ನಂಬ್ತಾ ಇಲ್ಲ. ನಿಮ್ಮ ಬಾಯಿ ನನಗೆ ಗೊತ್ತಿಲ್ವಾ ಅಂತಾಳೆ. ನೀನು ಜತೇಲಿದ್ದವನು, ಒಂದು ಮಾತು ಹೇಳೋ. ನೀನು ಹೇಳಿದ್ರೆ ನಂಬ್ತಾರೆ, ನೀನು ಆಡೋದೇ ಅಪರೂಪ."

ಅವನು ರೇಡಿಯೋನ ಭುಜ ಮುಟ್ಟಿ ಹೂಂ ಎಂದ. ಆ ಹೂಂಗೆ ರೇಡಿಯೋನ ಕಣ್ಣು ತುಂಬಿ ಬಂತು. ಅವನ ಎರಡೂ ಕೈಗಳನ್ನು ಹಿಡಿದುಕೊಂಡ. ಬಿಡಿಸಿಕೊಂಡು ಗೇಟು ದಾಟುವಾಗ, ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಬೆಳೆಯನ್ನು ಬೈದರಂತೆ ಎಂದು ತನಗೆ ತಾನೇ ಹೇಳಿಕೊಂಡ. ಹಾಗೆ ಹೇಳಿಕೊಳ್ಳುವಾಗ ತುಟಿ ಅಲ್ಲಾಡಿದ್ದನ್ನು ಕಾವಲುಗಾರ ಬೆರಗಾಗಿ ನೋಡಿದ.

ಸಭೆ ಆಗಲೇ ಶುರುವಾಗಿತ್ತು. ಅವನು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತ. ಮೇಜಿನ ಆ ಕಡೆ ಕುರಿಯವರ ಪರವಾಗಿ ಬಂದಿದ್ದ ಯಜಮಾನಿ, ಕೆಂಪು ಶಾಲು ಹೊದ್ದ ದಪ್ಪ ಹೆಂಗಸು, ಕೈಗಳನ್ನು ಮಡಚಿ ಕೂತಿದ್ದಳು. ಈ ಕಡೆ ಮೇಡಂ, ಪಕ್ಕದಲ್ಲಿ ಪ್ರಾಣಿಗಳ ಡಾಕ್ಟರು. ಮೇಡಂ ತೀರಾ ಬಳಲಿದ್ದರು, ಬಿಳಿಗೂದಲು ಬಾಚಿರಲಿಲ್ಲ. ತೋಳವಿಲ್ಲದ ಬೆಟ್ಟದಲ್ಲಿ ಜಿಂಕೆಗಳು ಮಿತಿಮೀರಿ ಒಂದು ಸಸಿಯನ್ನೂ ಏಳಗೊಡದೆ ತಿಂದದ್ದು, ಮರವಿಲ್ಲದೆ ಮಣ್ಣು ಕುಸಿದದ್ದು, ಹೊಳೆ ಬತ್ತಿದ್ದು, ಇದನ್ನೆಲ್ಲ ಅವರು ಊರೂರಿಗೆ ಹೋಗಿ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡಿದ್ದರು. ಈವತ್ತು ಮತ್ತೆ ಹೇಳಿದರು. ಎರಡು ವರ್ಷದಿಂದ ಬೆಟ್ಟದ ಮೇಲೆ ಎಳೆ ಮರಗಳು ಎದ್ದಿವೆ, ನೀವೇ ನೋಡಿದ್ದೀರಿ ಎಂದರು.

"ನೋಡಿದೀನಮ್ಮ, ಇಲ್ಲ ಅನ್ನಲ್ಲ," ಎಂದಳು ಯಜಮಾನಿ. "ಚೆನ್ನಾಗೇ ಇದೆ. ಆದ್ರೆ ನಮ್ಮ ಮುತ್ತಜ್ಜಂದಿರು ಸುಮ್ನೆ ಕೊಂದ್ರಾ ಅದನ್ನ? ಅವರಿಗೇನು ಬೇರೆ ಕೆಲಸ ಇರ್ಲಿಲ್ವಾ? ಒಂದು ಸಲ ಹೊರಗೆ ಹಾಕಿದ್ದನ್ನ ನೀವು ಒಳಗೆ ಕರ್ಕೊಂಡ್ ಬಂದ್ರಿ. ಆಯ್ತು, ಕುರಿ ಹೋದ್ರೆ ಸಹಿಸ್ಕೊಂಡ್ವಿ. ನಿಮ್ಮ ಕಾಡಿಗೆ ಹಲ್ಲು ಬೇಕು, ಸರಿ. ಶಾಲೆ ಗೋಡೆ ಹತ್ರ ಹಲ್ಲು ಯಾಕಮ್ಮ ಬೇಕು? ನನ್ನ ಮೊಮ್ಮಗಳು ಆ ಶಾಲೇಲೇ ಓದೋದು. ರಾತ್ರಿ ನಿದ್ದೆ ಬರಲ್ಲ ನನಗೆ."

ಅವಳದು ಸುಳ್ಳಲ್ಲವೆಂದು ಬಾಗಿಲ ಪಕ್ಕದಲ್ಲಿ ಕೂತವನಿಗೂ ಗೊತ್ತಿತ್ತು. ತಾನಾಗಿದ್ದರೂ ನಿದ್ದೆ ಬರುತ್ತಿರಲಿಲ್ಲ. ಅವಳು ಶಾಲಿನ ಮಡಿಕೆಯಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದು ಮೇಜಿನ ಮೇಲಿಟ್ಟಳು. ಒಳಗೊಂದು ಮಾಂಸದ ತುಂಡು, ಅಂಚಿನಲ್ಲಿ ನೀಲಿಗಟ್ಟಿತ್ತು. "ನಮ್ಮ ಹುಡುಗರು ವಿಷ ಹಚ್ಚಿ ಬೆಟ್ಟದ ಕೆಳಗೆ ಇಡ್ತಾ ಇದ್ರು. ಈವತ್ತು ಬೆಳಿಗ್ಗೆ ನಾನೇ ಕೈಯಿಂದ ಕಿತ್ಕೊಂಡೆ. ಆಗಲೇ ಒಂದು ನಾಯಿ ಸತ್ತಿದೆ. ಈ ಸಂಜೆ ತನಕ ನನ್ನ ಮಾತು ಕೇಳ್ತಾರೆ. ನೀವು ಕರಾರಿನ ಪ್ರಕಾರ ಮೂರು ಸಲ ಬಂದದ್ದನ್ನ ಹೊಡೆದ್ರೆ, ಉಳಿದವಕ್ಕೆ ನಾನು ಜವಾಬ್ದಾರಿ. ಇಲ್ಲ ಅಂದ್ರೆ ನಾಳೆ ಬೆಟ್ಟದ ತುಂಬ ಇದನ್ನೇ ಇಡ್ತಾರೆ. ಆಗ ನಿಮ್ಮ ತೋಳ ಒಂದೂ ಉಳಿಯಲ್ಲ, ಹದ್ದೂ ಉಳಿಯಲ್ಲ."

ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವಂಥ ದಾರಿಯೊಂದನ್ನು ಯಾರಾದರೂ ಹೇಳಲಿ ಎಂದು ಅವನು ಕಾದ. ಹಿಡಿದು ಬೋನಿನಲ್ಲಿ ಇಟ್ಟರೆ ಎಂದು ಡಾಕ್ಟರು ಕೇಳಿದರು, ಅವನು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. ಯಜಮಾನಿ ಉತ್ತರ ಕೊಡುವ ಮೊದಲೇ ಮೇಡಂ ತಲೆಯಾಡಿಸಿದರು. "ಬೇಡ. ಮೊದಲನೇ ಸಲಾನೇ ಆಡಿದ ಮಾತಿಗೆ ತಪ್ಪಿದ್ರೆ ಇನ್ನು ನಮ್ಮನ್ನ ಯಾರು ನಂಬ್ತಾರೆ? ಇವರನ್ನಾದ್ರೂ ಯಾರು ನಂಬ್ತಾರೆ? ಹೊಡೀಬೇಕು." ಹೇಳಿ ಮುಗಿಸಿ ಕನ್ನಡಕ ತೆಗೆದು, ಕಣ್ಣಿನ ಮೂಲೆಗಳನ್ನು ಬೆರಳಿನಲ್ಲಿ ಒತ್ತಿಕೊಂಡರು. ಡಾಕ್ಟರು, ಹೊಡೆಯೋದಕ್ಕೆ ಸಿಗಬೇಕಲ್ಲ ಎಂದರು. ಹದಿನೈದು ದಿನದಿಂದ ಹುಡುಕುತ್ತಿದ್ದಾರೆ. ಜೀಪಿನ ಸದ್ದು ಕೇಳಿದರೆ ಮಾಯ, ಬೂದು ಅಂಗಿ ಹಾಕಿಕೊಂಡು ಹೋದರೆ ದೂರದಿಂದಲೇ ನೋಡಿ ಹೊರಟುಹೋಗುತ್ತದೆ. ಇವತ್ತು ಸಂಜೆಯೊಳಗೆ ಅದನ್ನು ಎಲ್ಲಿಂದ ತರುವುದು.

ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು. ಕಲ್ಲು ಹಿಡಿದವರೆಲ್ಲ ಇಲ್ಲಿದ್ದಾರೆ, ಬೀಳುವುದೊಂದು ಬಾಕಿ ಎಂದು ಅವನಿಗೆ ಅನ್ನಿಸಿತು. ಸುಮ್ಮನಿದ್ದರೆ ಆಯಿತು. ಏಳು ಸಿಗುವುದಿಲ್ಲ. ಸಂಜೆಯಾಗುತ್ತದೆ, ಯಜಮಾನಿ ಎದ್ದು ಹೋಗುತ್ತಾಳೆ. ನಾಳೆ ಬೆಟ್ಟದ ಮೇಲೆ ಏಳರ ಅಕ್ಕತಂಗಿಯರು, ಅವುಗಳ ಜೋಡಿ, ಈ ಚಳಿಗಾಲ ಹುಟ್ಟಿದ ಮರಿಗಳು, ಒಂದೊಂದಾಗಿ ಬಾಯಲ್ಲಿ ನೊರೆ ಬಂದು ಮಲಗುತ್ತವೆ. ಏಳೂ ಮಲಗುತ್ತಾಳೆ, ಒಬ್ಬಳೇ, ಯಾವುದೋ ಮನೆಯ ಹಿತ್ತಿಲಲ್ಲಿ, ಒಳಗೆ ಯಾರೋ ಮಾತಾಡುತ್ತಿರುವಾಗ. ಅವನಿಗೆ ಆ ಹಿತ್ತಿಲು ಸ್ಪಷ್ಟವಾಗಿ ಕಂಡಿತು. ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. ಈ ಮೇಜಿನ ಸುತ್ತ ಕೂತವರು ಪ್ರಾಣಿ ವಾಪಸ್ಸು ಬರಬೇಕೋ ಬೇಡವೋ ಎಂದು ಇಷ್ಟು ವರ್ಷ ವಾದ ಮಾಡಿದರು, ಎಲ್ಲರದ್ದೂ ಸರಿಯೇ ಇತ್ತು. ತಾನು ಏನನ್ನೂ ವಾದ ಮಾಡಲಿಲ್ಲ. ಕೇಳಿಸಿಕೊಳ್ಳುವವರು ಬೇಕಾಗಿತ್ತು ಅಷ್ಟೇ, ಅದಕ್ಕೆ ಒಂದು ತೋಳವನ್ನು ತೆಗೆದುಕೊಂಡೆ.

"ನಾನು ಕರೆದ್ರೆ ಬರ್ತಾಳೆ," ಎಂದ.

ಎಲ್ಲರೂ ಬಾಗಿಲ ಕಡೆ ತಿರುಗಿದರು. ಯಾರು ಮಾತಾಡಿದ್ದು ಎಂದು ಮೇಡಂ ಅವನ ಹಿಂದೆ ನೋಡಿದರು. ಅವನು ಎದ್ದು ನಿಂತು, "ರೇಡಿಯೋ ಅಲ್ಲ ಮೇಡಂ. ನಾನು ಮಾತಾಡಿದ್ದು. ಒಳಗೆ ಹೋದಾಗೆಲ್ಲ ಮಾತಾಡ್ತಿದ್ದೆ," ಎಂದ. ಬೈಗುಳಕ್ಕೆ ಕಾದ. ಮೇಡಂ ಬೈಯಲಿಲ್ಲ, ಅವನನ್ನೇ ನೋಡಿದರು. ಇಷ್ಟು ವರ್ಷದಲ್ಲಿ ಮೊದಲ ಸಲ ನೋಡುವಂತೆ ನೋಡಿದರು. "ಅಯ್ಯೋ, ನೀನಾ," ಎಂದಷ್ಟೇ ಅಂದರು. ಆ ಎರಡು ಪದದಲ್ಲಿ ಸಿಟ್ಟಿಗಿಂತ ಬೇರೆಯದೇ ಏನೋ ಇತ್ತು, ಅದು ಅವನನ್ನು ಹೆಚ್ಚು ಚುಚ್ಚಿತು. ಯಜಮಾನಿ ಮಾತ್ರ, "ಇಷ್ಟು ದೊಡ್ಡ ಊರಲ್ಲಿ ಮಾತಾಡೋಕೆ ಮನುಷ್ಯರು ಸಿಗ್ಲಿಲ್ವೇನಪ್ಪ ನಿನಗೆ?" ಎಂದು ಕೇಳಿದಳು. ಕುಹಕವಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದಳು.

ಮಧ್ಯಾಹ್ನ ಕಳೆದ ಮೇಲೆ ಅವನೂ ಡಾಕ್ಟರೂ ಹೊರಟರು. ದರ್ಜಿಯ ಬೀದಿಯ ಹಿಂದೆ, ಊರು ಮುಗಿಯುವಲ್ಲಿ, ಹಾಳುಬಿದ್ದ ಇಟ್ಟಿಗೆ ಗೂಡು. ಅದರಾಚೆ ಕುರುಚಲು ಪೊದೆ, ಅದರಾಚೆ ಬೆಟ್ಟ. ಜೀಪನ್ನು ದೂರದಲ್ಲೇ ನಿಲ್ಲಿಸಿ ನಡೆದರು. ಡಾಕ್ಟರು ಕೋವಿಯ ಚೀಲವನ್ನು ಮಗುವನ್ನೆತ್ತಿಕೊಂಡಂತೆ ಎದೆಗೆ ಒತ್ತಿಕೊಂಡಿದ್ದರು. ಜೀವ ಉಳಿಸುವುದಕ್ಕೆ ಓದಿದವರು, ದಾರಿಯುದ್ದಕ್ಕೂ ಅವನ ಮುಖ ನೋಡಲಿಲ್ಲ. ಗೂಡಿನ ಗೋಡೆಯ ಮರೆಯಲ್ಲಿ ಕೂತು, ಬೂದು ನಿಲುವಂಗಿ ತೆಗೆದುಕೊಟ್ಟರು. ಅವನು ಬೇಡವೆಂದ. "ಅದು ನಿನ್ನ ಮುಖಾನೇ ನೋಡಿಲ್ಲ ಕಣಯ್ಯ. ಹೆದರಿ ಓಡಿಹೋದ್ರೆ?" ಎಂದರು ಡಾಕ್ಟರು. ಅವನು ಮತ್ತೆ ಬೇಡವೆಂದು ತಲೆಯಾಡಿಸಿದ. ಓಡಿಹೋಗಲಿ ಎಂದೇ ಅವನ ಒಳಗೊಂದು ಹೇಳುತ್ತಿತ್ತು. ಬೋಳು ಮುಖದ ಈ ಎರಡು ಕಾಲಿನ ಪ್ರಾಣಿಯನ್ನು ಕಂಡು ಬೆಚ್ಚಿ, ಬಾಲ ಮುದುರಿ, ಬೆಟ್ಟ ಹತ್ತಿ, ಇನ್ನೆಂದೂ ಮನುಷ್ಯರ ಸದ್ದಿಗೆ ತಿರುಗದಿರಲಿ. ಓಡಿಹೋದರೆ ನಾಳೆ ಬೆಟ್ಟದ ತುಂಬ ವಿಷ ಎಂದು ಇನ್ನೊಂದು ಹೇಳುತ್ತಿತ್ತು. ಎರಡೂ ಅವನದೇ ದನಿ.

"ನೋಡು," ಎಂದರು ಡಾಕ್ಟರು ಮೆಲ್ಲಗೆ. "ಅದಕ್ಕೆ ನೋವಾಗಬಾರದು. ಒಂದೇ ಏಟಿಗೆ ಹೋಗಬೇಕು. ನೀನೇ ಹೇಳಿದ ಹಾಗೆ, ನೀನು ಮಾತಾಡ್ತಿರೋವಾಗ ಅದು ಮಲಗಿರುತ್ತೆ, ತಲೆ ಅಲ್ಲಾಡಿಸ್ತಾ ಇರುತ್ತೆ, ಆಗ ನಾನು ಹೊಡೆಯಲ್ಲ. ನೀನು ಮಾತು ನಿಲ್ಲಿಸಿದ್ರೆ ತಲೆ ಎತ್ತಿ ನೋಡುತ್ತಲ್ಲ, ಆಗ ಒಂದು ಗಳಿಗೆ ಅಲ್ಲಾಡದೆ ಇರುತ್ತೆ. ಆಗ. ನಿನಗೆ ಸಾಕು ಅನ್ನಿಸಿದಾಗ ನೀನೇ ನಿಲ್ಲಿಸು. ಆದ್ರೆ ಬೆಳಕು ಇರೋವಾಗ್ಲೇ, ಆಯ್ತಾ?" ಅವನು ಹೂಂ ಎಂದ. ಗೋಡೆಯಾಚೆ ಹೋಗಿ, ಮುರಿದ ಇಟ್ಟಿಗೆಯ ರಾಶಿಯ ಮೇಲೆ ಕೂತು, ಪೊದೆಗಳ ಕಡೆ ನೋಡಿ, "ಏನ್ ತಾಯಿ," ಎಂದ. ಆಮೇಲೆ ಇನ್ನಷ್ಟು ಗಟ್ಟಿಯಾಗಿ ಮತ್ತೆ ಕರೆದ.

ಅವಳು ಬಂದಳು. ಹುಲ್ಲು ಅಲುಗಿದ್ದೂ ಕಾಣಿಸಲಿಲ್ಲ. ಮೊದಲು ಇಲ್ಲದಿದ್ದವಳು ಆಮೇಲೆ ಇದ್ದಳು, ಪೊದೆಯ ಅಂಚಿನಲ್ಲಿ, ಒಂದು ಮುಂಗಾಲು ಎತ್ತಿಕೊಂಡು. ಎಷ್ಟು ಬೆಳೆದಿದ್ದಾಳೆ ಎಂದು ಅವನಿಗೆ ಅಭಿಮಾನವೇ ಬಂತು, ಆಮೇಲೆ ಪಕ್ಕೆಲುಬು ಕಂಡಿತು. ಬೇಟೆಯನ್ನೂ ಸರಿಯಾಗಿ ಮಾಡದೆ ಕಿಟಕಿಗಳ ಕೆಳಗೆ ಕೂತು ಹೊತ್ತು ಕಳೆದಿದ್ದಾಳೆ. ಅವಳು ಅವನ ಮುಖ ನೋಡಿದಳು. ಕಿವಿ ಹಿಂದಕ್ಕೆ ಹೋಯಿತು, ತುಟಿ ಸ್ವಲ್ಪ ಮೇಲೆ ಸರಿಯಿತು. ಓಡು, ಎಂದು ಅವನು ಮನಸ್ಸಿನಲ್ಲೇ ಅಂದ. ಬಾಯಲ್ಲಿ, "ಹೆದರಬೇಡ, ನಾನೇ," ಎಂದುಬಿಟ್ಟ. ಕಿವಿ ಮುಂದೆ ಬಂತು. ಮುಖವನ್ನು ಬಿಟ್ಟು ದನಿಯನ್ನು ನಂಬಿದವಳು ನಡೆದು ಬಂದು, ಅವನಿಂದ ಒಂದು ಹಾಸಿಗೆಯಷ್ಟು ದೂರದಲ್ಲಿ ಸುತ್ತು ಹೊಡೆದು ಮಲಗಿ, ಮುಂಗಾಲ ಮೇಲೆ ಗಲ್ಲ ಇಟ್ಟಳು.

ಅವನು ಮಾತಾಡಿದ. ನಿಲ್ಲಿಸುವ ಹಾಗಿರಲಿಲ್ಲವಾದ್ದರಿಂದ ಬಾಯಿಗೆ ಬಂದದ್ದನ್ನೆಲ್ಲ ಆಡಿದ. ಈವತ್ತು ಬಸ್ಸು ತಡವಾಗಿ ಬಂತು ಎಂದ. ಚಾಲಕ ಹೊಸಬ, ತಿರುವಿನಲ್ಲಿ ಎಲ್ಲರೂ ಒಬ್ಬರ ಮೇಲೊಬ್ಬರು ಬೀಳುವಂತೆ ಮಾಡಿದ ಎಂದ. ಮೇಲಿನ ಮನೆಯವರಿಗೆ ಮಗು ಹುಟ್ಟಿದೆ, ಅದಕ್ಕೇ ಆ ಚಪ್ಪಲಿ ಸದ್ದು, ಅಕ್ಕನಿಗೆ ಇನ್ನೂ ಗೊತ್ತಿಲ್ಲ, ಗೊತ್ತಾದರೆ ಬೈಯುವುದನ್ನು ಬಿಟ್ಟು ಓಡಿಹೋಗಿ ಎತ್ತಿಕೊಳ್ಳುತ್ತಾಳೆ ಎಂದ. ಅಕ್ಕ ಕೆಟ್ಟವಳಲ್ಲ ತಾಯಿ, ಅವಳಿಗೂ ಹೆದರಿಕೆ, ಮಾತು ನಿಂತರೆ ಮನೆಯಲ್ಲಿ ಯಾರೂ ಇಲ್ಲದ ಹಾಗಾಗುತ್ತದಲ್ಲ ಅಂತ, ಎಂದ. ಇದು ಅವನಿಗೆ ಹೇಳುವಾಗಲೇ ಹೊಳೆದದ್ದು. ನಿನ್ನ ತಂಗಿಗೆ ಮರಿಗಳಾಗಿವೆ, ಗೊತ್ತಾ, ಎಂದ. ಬೆಟ್ಟದ ಮೇಲೆ ಗಿಡಗಳು ಬಂದಿವೆಯಂತೆ. "ನಾನು ಮನುಷ್ಯ ತಾಯಿ," ಎಂದ. "ನಿನಗೆ ಗೊತ್ತಿರ್ಲಿಲ್ಲ ಅಲ್ವಾ? ನಾನು ಹೇಳಬೇಕಾಗಿತ್ತು. ಎಲ್ಲಾ ಹೇಳಿದೆ, ಅದೊಂದು ಹೇಳ್ಲಿಲ್ಲ." ಅವಳ ಬಾಲದ ತುದಿ ಒಮ್ಮೆ ನೆಲಕ್ಕೆ ಬಡಿಯಿತು. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಎತ್ತಿದರೆ ಅವಳು ಬೆದರಿಯಾಳೆಂದು ಹಾಗೆಯೇ ಬಿಟ್ಟ.

ಗೂಡಿನ ನೆರಳು ಉದ್ದವಾಗಿ ಅವಳ ಬೆನ್ನಿನವರೆಗೆ ಬಂತು. ಗೋಡೆಯಾಚೆ ಡಾಕ್ಟರು ಒಮ್ಮೆ ಮೆಲ್ಲಗೆ ಕಾಲು ಸರಿಸಿದರು. ಬೆಳಕು ಹೋಗುತ್ತಿದೆ ಎಂದು ಅದರ ಅರ್ಥ. ಇನ್ನೂ ಹೇಳುವುದಿತ್ತು, ಬದುಕಿನಲ್ಲಿ ಅವನಿಗೆ ಇಷ್ಟೊಂದು ಹೇಳುವುದು ಎಂದೂ ಇರಲಿಲ್ಲ. ಇನ್ನೊಂದು, ಇನ್ನೊಂದು ಎಂದು ಎಳೆದ. ರೇಡಿಯೋಗೆ ನಾಳೆ ಕೆಲಸ ವಾಪಸ್ಸು ಸಿಗುತ್ತೆ ಎಂದ. ಈ ಮೊಣಕಾಲು ಈಗೀಗ ಮೆಟ್ಟಿಲಿಳಿಯುವಾಗಲೂ ನೋಯುತ್ತೆ ಎಂದ. ನೆರಳು ಅವಳ ಕುತ್ತಿಗೆಗೆ ಬಂತು. ಆಗ ನಾಲಿಗೆಯ ತುದಿಗೆ ತಾನಾಗಿ ಬಂದದ್ದು, ಬೇಲಿಯೊಳಗೆ ಪ್ರತಿದಿನ ಮಾತೆಲ್ಲ ಮುಗಿದ ಮೇಲೆ ಏಳುವಾಗ ಅವನು ಆಡುತ್ತಿದ್ದ ಮಾತು: ನಾಳೆ ಬರ್ತೀನಿ. ಅದನ್ನು ಕೇಳಿದ ಮೇಲೇ ಅವಳು ಎದ್ದು, ಮೈ ಕೊಡವಿ, ತನ್ನ ಮೂಲೆಗೆ ಹೋಗುತ್ತಿದ್ದದ್ದು. ಅವನು ಬಾಯಿ ತೆರೆದ. ಇವಳ ಹತ್ತಿರ ಈವರೆಗೆ ಒಂದೂ ಸುಳ್ಳು ಹೇಳಿರಲಿಲ್ಲ. ಬಾಯಿ ಮುಚ್ಚಿದ.

ಅವಳು ತಲೆ ಎತ್ತಿದಳು. ಎರಡು ಕಿವಿಗಳೂ ಅವನ ಕಡೆ ತಿರುಗಿದವು. ಆ ಒಂದು ಮಾತು ಇನ್ನೂ ಬಾಕಿಯಿತ್ತು, ಅದು ಬಾರದೆ ಅವಳು ಏಳುವವಳಲ್ಲ. ಅಲ್ಲಾಡದೆ ಕಾದಳು.